ಹಗ್ಗ ಕಟ್ಟದೆ ಯಾರನ್ನೂ ಮರ ಹತ್ತಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಏಪ್ರಿಲ್, ಮೇ ತಿಂಗಳ ಮೊದಲ ಗಾಳಿಮಳೆ ಬಂದ ಮಾರನೇ ದಿನ ನಿಮ್ಮ ಪತ್ರಿಕೆಯಲ್ಲಿ ಕಾರಿನ ಮೇಲೆ ಬಿದ್ದ ಮರದ ಫೋಟೊ ಇದ್ದೇ ಇರುತ್ತದೆ. ಅದನ್ನು ನೋಡಿದ ಎರಡೇ ದಿನಕ್ಕೆ ನಮ್ಮಂಥ ಹಳೇ ಬಡಾವಣೆಗಳಲ್ಲಿ ಬೆಳಿಗ್ಗೆ ಆರು ಗಂಟೆಗೆಲ್ಲ ಕೊಡಲಿ ಸದ್ದು ಶುರುವಾಗುತ್ತದೆ. ಹೆದರುವುದು ತಪ್ಪಲ್ಲ. ನಾನೂ ಹೆದರಿದ್ದೆ. ಆದರೆ ಆ ಅವಸರದಲ್ಲಿ ನಾನು ಮಾಡಿದ ತಪ್ಪಿನಿಂದ ಒಬ್ಬ ಹುಡುಗನ ಸೊಂಟ ಮುರಿಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ಆದರೂ ಕತ್ತರಿಸದೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಮನೆ ಮುಂದೆ ಮರ ಇರುವ ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು.

ನಮ್ಮದು ಬೆಂಗಳೂರಿನ ಜಯನಗರದಲ್ಲಿ ಅಪ್ಪ ಕಟ್ಟಿಸಿದ ಮನೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಬೆಂಗಳೂರಿನ ಬೀದಿ ಬೀದಿಯಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದರಲ್ಲ, ಅದೇ ಉತ್ಸಾಹದಲ್ಲಿ ಅಪ್ಪನೂ ಕಾಂಪೌಂಡಿನ ಮೂಲೆಯಲ್ಲಿ ಒಂದು ಗುಲ್‌ಮೊಹರ್ ನೆಟ್ಟರು. ನಾವು ಮಕ್ಕಳು ಅದಕ್ಕೆ ಕತ್ತಿಕಾಯಿ ಮರ ಅನ್ನುತ್ತಿದ್ದೆವು. ಒಣಗಿದ ಕಾಯಿ ಹಿಡಿದು ಕತ್ತಿವರಸೆ ಆಡುತ್ತಿದ್ದೆವು. ನಲವತ್ತು ವರ್ಷದಲ್ಲಿ ಅದು ಎರಡು ಅಂತಸ್ತಿನ ಮನೆಯನ್ನೂ ಮೀರಿ ಬೆಳೆಯಿತು. ಮೇ ತಿಂಗಳಲ್ಲಿ ಬೀದಿ ತುಂಬ ಕೆಂಪು ಹೂ. ಹಾಗಿದ್ದಾಗ, ಎರಡು ವರ್ಷದ ಹಿಂದೆ, ಒಂದು ರಾತ್ರಿ ಗಾಳಿಗೆ ಅದರ ದೊಡ್ಡ ಕೊಂಬೆಯೊಂದು ಮುರಿದು ಗೇಟಿನ ಮೇಲೆ ಬಿತ್ತು. ಒಳಗೆ ನಿಲ್ಲಿಸಿದ್ದ ಮಗಳ ಸ್ಕೂಟರ್ ಅಪ್ಪಚ್ಚಿಯಾಯಿತು. ಅರ್ಧ ಗಂಟೆ ಮುಂಚೆಯಷ್ಟೇ ಅವಳು ಅಲ್ಲಿ ನಿಂತು ಫೋನಲ್ಲಿ ಮಾತಾಡುತ್ತಿದ್ದಳು.

ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ಒಬ್ಬ ಮೇಸ್ತ್ರಿ ಬಂದು ನಿಂತ. ಮಳೆ ಬಂದ ಮಾರನೇ ದಿನ ಇಂಥವರು ಬೀದಿ ಬೀದಿ ಸುತ್ತುತ್ತಾರೆ ಎಂದು ಆಮೇಲೆ ಗೊತ್ತಾಯಿತು. "ಪೂರ್ತಿ ತೆಗೆದುಬಿಡಿ ಸಾರ್, ಇವತ್ತು ಕೊಂಬೆ, ನಾಳೆ ಮರಾನೇ ಬೀಳುತ್ತೆ. ಏಳು ಸಾವಿರ ಕೊಡಿ. ಪೇಪರ್ ಗೀಪರ್ ಏನೂ ಬೇಡ, ಭಾನುವಾರ ಬೆಳಿಗ್ಗೆ ಯಾರೂ ಏಳೋ ಹೊತ್ತಿಗೆ ಮುಗಿಸ್ತೀವಿ" ಅಂದ. ಮನೆಯಲ್ಲಿ ಎಲ್ಲರೂ ಹೆದರಿದ್ದರು. ನಾನು ಐದುನೂರು ಚೌಕಾಸಿ ಮಾಡಿ ಹ್ಞೂಂ ಅಂದೆ.

ಭಾನುವಾರ ಬಂದವರು ಮೂರು ಜನ. ಮರ ಹತ್ತಿದವನು ಲಿಂಗಸುಗೂರು ಕಡೆಯ ಹುಡುಗ, ಇಪ್ಪತ್ತೊಂದು ವರ್ಷ. ಬರಿಗಾಲು, ಸೊಂಟಕ್ಕೆ ಸಿಕ್ಕಿಸಿದ ಮಚ್ಚು, ತಲೆಗೆ ಒಂದು ಟವಲ್. ಅಷ್ಟೇ. ಹಗ್ಗ ಇತ್ತು, ಆದರೆ ಅದು ಕೊಂಬೆ ಎಳೆಯುವುದಕ್ಕೆ. ಕೆಳಗೆ ನಿಂತು ನಾನು ಕಾಫಿ ಕುಡಿಯುತ್ತಾ ನೋಡುತ್ತಿದ್ದೆ. ಅವನಿಗೂ ಒಂದು ಹಗ್ಗ ಕಟ್ಟಿ ಎಂದು ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಮೇಲಿನ ಕೊಂಬೆಗಳೆಲ್ಲ ಉರುಳಿದ ಮೇಲೆ ಒಂದು ದಪ್ಪ ಕೊಂಬೆ ಅರ್ಧ ಕಡಿದಾಗಲೇ ತೊಗಟೆ ಸಮೇತ ಸೀಳಿಕೊಂಡು ತಿರುಗಿತು. ಪಕ್ಕದ ಮನೆಯ ತಗಡಿನ ಶೀಟು, ನೀರಿನ ಟ್ಯಾಂಕು ಎರಡನ್ನೂ ಒಡೆಯಿತು. ಆ ಹೊಡೆತಕ್ಕೆ ಮರ ಅಲುಗಿ ಹುಡುಗ ಜಾರಿ ನಮ್ಮ ಸಂಪಿನ ಚಪ್ಪಡಿ ಮೇಲೆ ಬಿದ್ದ.

ಆ ಸದ್ದು ಇನ್ನೂ ಕಿವಿಯಲ್ಲಿದೆ.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎತ್ತಿ ಆಟೋದಲ್ಲಿ ಕೂರಿಸಿದ್ದೂ ತಪ್ಪು. ಸೊಂಟ, ಬೆನ್ನಿಗೆ ಪೆಟ್ಟಾದವರನ್ನು ಅಲುಗಾಡಿಸದೆ 108ಕ್ಕೆ ಫೋನ್ ಮಾಡಬೇಕಿತ್ತು ಎಂದು ಡಾಕ್ಟರ್ ಬೈದರು. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಎಂದು ಬರೆದುಕೊಂಡರು, ಪೊಲೀಸರು ಬಂದು ಹೇಳಿಕೆ ತೆಗೆದುಕೊಂಡರು. ಮೇಸ್ತ್ರಿಯ ಫೋನ್ ಸ್ವಿಚ್ ಆಫ್. ಆಪರೇಷನ್ನು, ಹನ್ನೊಂದು ದಿನ ವಾರ್ಡು, ಅವನ ಅಮ್ಮ ಊರಿಂದ ಬಂದಿದ್ದು, ಎಲ್ಲ ಸೇರಿ ಒಂದೂವರೆ ಲಕ್ಷ ದಾಟಿತು. ಅದನ್ನು ನಾನು ಕೊಟ್ಟೆ, ಕೊಡಲೇಬೇಕಿತ್ತು. ಕಾನೂನಿನಲ್ಲಿ ಯಾರ ಹೊಣೆ ಎನ್ನುವುದು ಆಮೇಲಿನ ಮಾತು. ಆ ತಾಯಿ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಕೇಳಿದರು. "ಯಪ್ಪಾ, ಒಂದು ಹಗ್ಗ ಕಟ್ಟಾಕ ಎಷ್ಟೊತ್ತು ಬೇಕಾಗತಿತ್ರೀ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅನುಮತಿ ಇಲ್ಲದೆ ಮರ ಕಡಿಸಿದ್ದಕ್ಕೆ ದೂರು ಹೋಗಿ ದಂಡ ಕಟ್ಟಿದೆ. ಪರಿಶೀಲನೆಗೆ ಬಂದ ಅಧಿಕಾರಿ ಬುಡ ನೋಡಿದರು, ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಕೇಳಿದರು. ಆಮೇಲೆ ಹೇಳಿದ ಮಾತು ನನಗೆ ದಂಡಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಮರದ ಬುಡ ಗಟ್ಟಿಯಾಗಿಯೇ ಇತ್ತು. ಬೀದಿ ಕಡೆ ಚಾಚಿದ್ದ ಎರಡು ಕೊಂಬೆ ತೆಗೆಸಿದ್ದರೆ ಸಾಕಿತ್ತು. ಈಗ ತಲೆ ಪೂರ್ತಿ ಬೋಳಿಸಿ ಕಾಂಡ ಸೀಳಿಸಿರುವುದರಿಂದ ಉಳಿಸಿಕೊಂಡರೂ ಅಪಾಯ, ತೆಗೆಸಲೇಬೇಕು ಎಂದರು.

ಹಾಗಾಗಿ ನನ್ನ ಮೊದಲ ಮಾತು ಇದು. ಮರ ತೆಗೆಯುವವನನ್ನು ಕರೆಯುವ ಮೊದಲು ಮರವನ್ನು ನೋಡಿ. ಒಂದು ಕೊಂಬೆ ಬಿದ್ದರೆ ಮರ ಬೀಳುತ್ತದೆ ಎಂದೇನೂ ಅರ್ಥವಲ್ಲ. ನಿಜವಾಗಿ ಹೆದರಬೇಕಾದ ಗುರುತುಗಳೇ ಬೇರೆ. ಬುಡದಲ್ಲಿ ತಟ್ಟೆಯಂತೆ ಚಾಚಿಕೊಂಡ ಅಣಬೆ ಬಂದಿದ್ದರೆ ಒಳಗೆ ಕೊಳೆತಿದೆ ಎಂದು ಅನುಮಾನಿಸಬೇಕು. ಮೊದಲು ನೆಟ್ಟಗಿದ್ದ ಮರ ಈ ಮಳೆಗಾಲದಲ್ಲಿ ಹೊಸದಾಗಿ ವಾಲಿದ್ದು, ವಾಲಿದ ಕಡೆಯ ಎದುರು ಭಾಗದಲ್ಲಿ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ದರೆ ಅದು ತುರ್ತು, ಅವತ್ತೇ ಫೋನ್ ಮಾಡಿ, ಅದರ ಕೆಳಗೆ ಗಾಡಿ ನಿಲ್ಲಿಸಬೇಡಿ, ಮಕ್ಕಳನ್ನು ಬಿಡಬೇಡಿ. ಎರಡು ದೊಡ್ಡ ಕೊಂಬೆ ಕವಲೊಡೆಯುವ ಕಡೆ ಉದ್ದಕ್ಕೆ ಸೀಳು ಬಂದಿದ್ದರೂ ಹಾಗೇ. ತಟ್ಟಿದರೆ ಡೊಳ್ಳಿನ ಹಾಗೆ ಸದ್ದು ಬಂದರೆ ಒಳಗೆ ಟೊಳ್ಳು. ಆದರೆ ಟೊಳ್ಳಾದ ಮರವೆಲ್ಲ ಬೀಳುವುದಿಲ್ಲ, ಸುತ್ತಲಿನ ಗೋಡೆ ದಪ್ಪವಾಗಿದ್ದರೆ ಎಷ್ಟೋ ವರ್ಷ ನಿಲ್ಲುತ್ತದೆ. ಅದನ್ನು ತಿಳಿದವರು ನೋಡಿ ಹೇಳಬೇಕು. ದುಡ್ಡು ತೆಗೆದುಕೊಂಡು ಕಡಿಯುವವನೇ ಕಡಿಯಬೇಕೋ ಬೇಡವೋ ಎಂದು ಹೇಳುವುದು ಸರಿಯಲ್ಲ, ಅಲ್ವಾ?

ಇನ್ನೊಂದು ವಿಷಯ. ಎಷ್ಟೋ ಮರಗಳನ್ನು ಬೀಳುವ ಹಾಗೆ ಮಾಡುವವರು ನಾವೇ. ಮರದ ಬೇರಿನಲ್ಲಿ ಹೆಚ್ಚಿನ ಪಾಲು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಅಗಲಕ್ಕೆ ಹರಡಿರುತ್ತದೆ. ಚರಂಡಿಗೆ, ಕೇಬಲ್ಲಿಗೆ, ನೀರಿನ ಪೈಪಿಗೆ ಅಗೆಯುವಾಗ ಒಂದು ಕಡೆಯ ಬೇರು ಪೂರ್ತಿ ಹೋಗುತ್ತದೆ. ಬುಡದ ತನಕ ಕಾಂಕ್ರೀಟ್ ಹಾಕಿ ಉಸಿರು ಕಟ್ಟಿಸುತ್ತೇವೆ. ತಂತಿಗೆ ತಗಲುತ್ತದೆಂದು ಒಂದೇ ಬದಿಯ ಕೊಂಬೆ ಸವರುತ್ತಾ ಬರುತ್ತೇವೆ, ಮರ ಇನ್ನೊಂದು ಬದಿಗೆ ಭಾರವಾಗುತ್ತದೆ. ತಲೆ ಬೋಳಿಸಿದ ಮರ ಚಿಗುರುತ್ತದೆ ನಿಜ. ಆದರೆ ಆ ಚಿಗುರು ಗಟ್ಟಿಯಾಗಿ ಕಚ್ಚಿಕೊಂಡಿರುವುದಿಲ್ಲ, ನಾಲ್ಕಾರು ವರ್ಷ ಬೆಳೆದು ದಪ್ಪವಾದ ಮೇಲೆ ಅದೇ ಮುರಿದು ಬೀಳುತ್ತದೆ. ಗುಲ್‌ಮೊಹರ್, ಸಿಲ್ವರ್ ಓಕ್ ಇವುಗಳ ಕಟ್ಟಿಗೆ ಮೊದಲೇ ಪೆಡಸು, ಗಾಳಿಗೆ ಬೇಗ ಮುರಿಯುತ್ತದೆ. ಅವನ್ನು ಎರಡು ಮೂರು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ, ಅನುಮತಿ ಪಡೆದು, ಹಗುರವಾಗಿ ಸವರಿಸುತ್ತಾ ಬಂದರೆ ಕಡಿಸುವ ಮಾತೇ ಬರುವುದಿಲ್ಲ. ಎಲೆ ಉದುರುತ್ತದೆ, ಗುಡಿಸಲು ಕಷ್ಟ, ಕಾರು ನಿಲ್ಲಿಸಲು ಜಾಗ ಬೇಕು ಎಂದು ಐವತ್ತು ವರ್ಷದ ಮರ ತೆಗೆಸುವವರೂ ನಮ್ಮ ಬೀದಿಯಲ್ಲೇ ಇದ್ದಾರೆ. ಅದು ಕಾರಣವೇ ಅಲ್ಲ ಎಂದು ನಾನು ಅವರ ಮುಖಕ್ಕೇ ಹೇಳಿದ್ದೇನೆ.

ಇನ್ನು ಕಾಗದದ ವಿಷಯ. "ನನ್ನ ಸೈಟು, ನನ್ನ ಮರ, ಯಾರನ್ನು ಕೇಳಬೇಕು?" ಎಂದು ತುಂಬ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ನಮ್ಮ ಸ್ವಂತ ಜಾಗದ ಮರವಾದರೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಬೆಂಗಳೂರಿನಲ್ಲಿ ಪಾಲಿಕೆಯ ಅರಣ್ಯ ವಿಭಾಗದಲ್ಲಿ ವಿಚಾರಿಸಬೇಕು. ಬೇರೆ ಊರಿನವರು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಹೋಗಿ ನಮ್ಮ ಊರಿಗೆ ವೃಕ್ಷಾಧಿಕಾರಿ ಯಾರು ಎಂದು ಕೇಳಿದರೆ ಹೇಳುತ್ತಾರೆ. ಅರ್ಜಿಯಲ್ಲಿ ಕಷ್ಟದ್ದೇನೂ ಇಲ್ಲ. ಮರ ಯಾವುದು, ಎಷ್ಟಿವೆ, ಸುತ್ತಳತೆ ಎಷ್ಟು, ಸೈಟ್ ನಂಬರ್ ಅಥವಾ ಸರ್ವೆ ನಂಬರ್, ಸೈಟಿನಲ್ಲಿ ಮರ ಎಲ್ಲಿದೆ ಎಂದು ತೋರಿಸುವ ಒಂದು ನಕ್ಷೆ, ಯಾಕೆ ತೆಗೆಸಬೇಕು ಎನ್ನುವ ಕಾರಣ. ಬಾಡಿಗೆಗೆ ಇರುವವರಾದರೆ ಮಾಲೀಕರ ಒಪ್ಪಿಗೆ. ಜೊತೆಗೆ ನಾಲ್ಕು ಕಡೆಯಿಂದ ತೆಗೆದ ಫೋಟೊ, ಕಂದಾಯದ ರಸೀದಿ ಇಟ್ಟರೆ ಓಡಾಟ ಕಡಿಮೆಯಾಗುತ್ತದೆ. ಕೊಟ್ಟ ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಅರ್ಜಿ ಹಾಕಿದರೆ ತಿರಸ್ಕರಿಸುತ್ತಾರೆ ಎನ್ನುವ ಹೆದರಿಕೆಯೂ ಸುಮ್ನೆ. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಸಿಡಿಲಿಗೋ ಬೆಂಕಿಗೋ ಹಾಳಾಗಿದ್ದರೆ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ಇದ್ದರೆ, ಇಂಥ ಸಂದರ್ಭಗಳನ್ನು ಕಾಯ್ದೆಯೇ ಹೆಸರಿಸಿ ಅನುಮತಿ ನಿರಾಕರಿಸಬಾರದು ಎನ್ನುತ್ತದೆ. ಕೊಡದಿದ್ದರೆ ಕಾರಣ ಬರೆದು ಕೊಡಬೇಕು, ಮೇಲ್ಮನವಿಗೂ ದಾರಿ ಇದೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಮರಗಳಿಗೆ ವಿನಾಯಿತಿ ಉಂಟು. ಆದರೂ ಕಡಿಯುವ ಮೊದಲು ಒಮ್ಮೆ ಕಚೇರಿಯಲ್ಲಿ ಕೇಳಿಕೊಳ್ಳಿ. ಸಿಲ್ವರ್ ಓಕ್ ಎಂದು ಯಾರೋ ಹೇಳಿದ್ದನ್ನು ನಂಬಿ ಬೇರೆ ಮರ ಕಡಿಸಿದರೆ ಉತ್ತರ ಹೇಳಬೇಕಾದವರು ನೀವು.

ಶ್ರೀಗಂಧದ ವಿಷಯ ಇನ್ನೂ ಸೂಕ್ಷ್ಮ. 2001ರ ತಿದ್ದುಪಡಿ ಆದ ಮೇಲೆ ನಮ್ಮ ಜಾಗದ ಗಂಧದ ಮರ ನಮ್ಮದೇ. ಆದರೆ ಅದನ್ನು ಅರಣ್ಯ ಇಲಾಖೆಗೆ ಹೇಳದೆ ಮುಟ್ಟುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ಹಿತ್ತಲಲ್ಲಿ ಹಕ್ಕಿ ಹಾಕಿದ ಬೀಜದಿಂದ ತಾನಾಗಿ ಹುಟ್ಟಿದ ಗಂಧವೂ ಗಂಧವೇ. ಬೀಟೆ, ತೇಗ ಇದ್ದರೂ ಮೊದಲು ಇಲಾಖೆ, ಆಮೇಲೆ ಕೊಡಲಿ.

ಕಾಂಪೌಂಡಿನ ಹೊರಗೆ ಫುಟ್‌ಪಾತಿನಲ್ಲಿರುವ ಮರ ನಮ್ಮಪ್ಪ ನೆಟ್ಟಿದ್ದರೂ ನಮ್ಮದಲ್ಲ, ಅದು ಪಾಲಿಕೆಯದು. ಅದಕ್ಕೆ ನಾವು ದುಡ್ಡು ಕೊಟ್ಟು ಯಾರನ್ನೂ ಹತ್ತಿಸುವಂತಿಲ್ಲ. ಬೆಂಗಳೂರಿನಲ್ಲಿ 1533ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಬುಡಕ್ಕೆ ಆಸಿಡ್ ಸುರಿಯುವುದು, ತೊಗಟೆ ಸುತ್ತಲೂ ಸುಲಿಯುವುದು, ಕಾಂಡಕ್ಕೆ ತೂತು ಕೊರೆದು ಏನೋ ತುಂಬುವುದು, ಇವೆಲ್ಲ ಈಗಲೂ ನಡೆಯುತ್ತಿವೆ. ಇದೂ ಮರ ಕಡಿದಷ್ಟೇ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಹಾಗೆ ಕೊಂದ ಮರ ನಿಂತಲ್ಲೇ ಒಣಗಿ ಪೆಡಸಾಗುತ್ತದೆ. ಆಮೇಲೆ ಅದನ್ನು ಹತ್ತುವವನ ಜೀವಕ್ಕೆ ಅಪಾಯ. ಉತ್ತರ ಪ್ರದೇಶದ ಮಥುರಾ-ವೃಂದಾವನದ ಹತ್ತಿರ ಅನುಮತಿ ಇಲ್ಲದೆ 454 ಮರ ಕಡಿಸಿದ ಜಮೀನು ಮಾಲೀಕರಿಗೆ 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಂದೊಂದು ಮರಕ್ಕೆ ಒಂದು ಲಕ್ಷ ರೂಪಾಯಿ ದಂಡವನ್ನು ಎತ್ತಿಹಿಡಿಯಿತು. ಖಾಸಗಿ ಜಾಗ ಎನ್ನುವ ಮಾತು ಅಲ್ಲಿ ನಡೆಯಲಿಲ್ಲ.

ನಮ್ಮ ಅರ್ಧ ಕಡಿದ ಗುಲ್‌ಮೊಹರನ್ನು ಕೊನೆಗೆ ಕ್ರಮವಾಗಿ ತೆಗೆಸಿದೆವು. ಕೆಲಸ ಹೇಗೆ ನಡೆಯಬೇಕು ಎಂದು ನಾನು ಅವತ್ತು ಕಣ್ಣಾರೆ ಕಂಡೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎರಡನೇ ಮೇಸ್ತ್ರಿ ಹತ್ತೊಂಬತ್ತು ಸಾವಿರ ಕೇಳಿದರು. ಏಳು ಸಾವಿರದ ನೆನಪಿನಲ್ಲಿದ್ದ ನನ್ನ ಹೆಂಡತಿ "ಇಷ್ಟೊಂದಾ?" ಅಂದಳು. ಅವರು ಬೇಜಾರು ಮಾಡಿಕೊಳ್ಳದೆ ಲೆಕ್ಕ ಹೇಳಿದರು. ಐದು ಜನ, ಒಂದೂವರೆ ದಿನ, ಮರ ಕೊಯ್ಯುವ ಮೆಷಿನ್ನು, ಟ್ರ್ಯಾಕ್ಟರಿನಲ್ಲಿ ಎಲೆ ಕಡ್ಡಿ ಸಾಗಿಸುವುದು. ಫೋನಿನಲ್ಲಿ ರೇಟು ಹೇಳಲಿಲ್ಲ, ಬಂದು ಮರದ ಸುತ್ತ ಎರಡು ಸಲ ನಡೆದು, ತಂತಿ ಎಲ್ಲಿದೆ, ಸಂಪು ಎಲ್ಲಿದೆ, ಪಕ್ಕದ ಮನೆಯ ಟ್ಯಾಂಕು ಎಲ್ಲಿದೆ ನೋಡಿ ಆಮೇಲೆ ಹೇಳಿದರು. ಮರ ನೋಡದೆ ರೇಟು ಹೇಳುವವರಿಗೆ ಕೆಲಸ ಕೊಡಬೇಡಿ. ಒಪ್ಪಿಕೊಂಡಿದ್ದನ್ನು ಒಂದು ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು. ಬೊಡ್ಡೆ ತೆಗೆಯುವುದು ಸೇರಿದೆಯೋ ಇಲ್ಲವೋ, ಕಸ ಯಾರು ಸಾಗಿಸುತ್ತಾರೆ, ಪಕ್ಕದ ಮನೆಯದು ಏನಾದರೂ ಮುರಿದರೆ ಯಾರು ಕಟ್ಟಿಕೊಡುತ್ತಾರೆ, ದುಡ್ಡು ಯಾವಾಗ ಎಷ್ಟು. ಅಡ್ವಾನ್ಸ್ ಎಂದು ನಾಲ್ಕು ಸಾವಿರ ಮಾತ್ರ ತೆಗೆದುಕೊಂಡರು.

ಕೆಲಸದ ದಿನ ಬಿಡಿಸಿಟ್ಟ ಹಗ್ಗ ಎರಡು. ಒಂದು ಮನುಷ್ಯನಿಗೆ, ಒಂದು ಕೊಂಬೆಗೆ. ಇದೊಂದನ್ನು ಓದುಗರು ನೆನಪಿಟ್ಟುಕೊಂಡರೆ ನನಗೆ ಸಾಕು. ಹತ್ತುವವನ ಬೆಲ್ಟಿಗೆ ಕಟ್ಟಿದ ಹಗ್ಗ ಅವನಿಗಿಂತ ಮೇಲಿನ ಗಟ್ಟಿ ಕವಲಿನ ಮೇಲೆ ಹಾದು ಬರುತ್ತದೆ. ಕಾಲು ಜಾರಿದರೂ ಅವನು ತೂಗಾಡುತ್ತಾನೆ, ನೆಲಕ್ಕೆ ಬೀಳುವುದಿಲ್ಲ. ಕೊಂಬೆಯ ಹಗ್ಗವನ್ನು ಕಾಂಡಕ್ಕೆ ಎರಡು ಸುತ್ತು ಸುತ್ತಿ ಕೆಳಗೆ ಒಬ್ಬ ಹಿಡಿದಿರುತ್ತಾನೆ. ಆ ಸುತ್ತಿನ ಬಿಗಿಯಿಂದ ಭಾರದ ತುಂಡೂ ನಿಧಾನವಾಗಿ ಇಳಿಯುತ್ತದೆ. ತುದಿಯಿಂದ ಶುರು ಮಾಡಿ ಮೂರು ನಾಲ್ಕು ಅಡಿಯ ತುಂಡು ಮಾಡುತ್ತಾ ಬಂದರು. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಒಂದು ಗಾಯ, ಆಮೇಲೆ ಸ್ವಲ್ಪ ಮುಂದೆ ಮೇಲಿನಿಂದ ಕೊಯ್ತ. ಹೀಗೆ ಮಾಡಿದರೆ ತೊಗಟೆ ಸೀಳುವುದಿಲ್ಲ, ಕೊಂಬೆ ತಿರುಗುವುದಿಲ್ಲ. ಆ ಹುಡುಗ ಬಿದ್ದ ದಿನ ಇಷ್ಟು ಚಿಕ್ಕ ಕೆಲಸ ಮಾಡಿರಲಿಲ್ಲ. ಎಲ್ಲರ ತಲೆ ಮೇಲೂ ಹೆಲ್ಮೆಟ್. ಮೆಷಿನ್ ಹಿಡಿದವನಿಗೆ ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು. ಮಧ್ಯಾಹ್ನ ಗಾಳಿ ಎದ್ದಾಗ ಮೇಸ್ತ್ರಿ ಎಲ್ಲರನ್ನೂ ಇಳಿಸಿಬಿಟ್ಟರು. ಅರ್ಧ ದಿನ ಜಾಸ್ತಿ ಆಯಿತು, ಆಗಲಿ ಬಿಡಿ.

ತಂತಿ ಹತ್ತಿರ ಇದ್ದರೆ ಇನ್ನೊಂದು ಕೆಲಸ ಇದೆ. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ. ಮಳೆಯಲ್ಲಿ ನೆಂದಿದ್ದರಂತೂ ಹೇಳುವುದೇ ಬೇಡ. 1912ಕ್ಕೆ ಫೋನ್ ಮಾಡಿ ಅಥವಾ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋಗಿ ಕರೆಂಟ್ ಆಫ್ ಮಾಡಿಸಲು ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು. ಇದಕ್ಕೆ ಲೈನ್ ಕ್ಲಿಯರ್ ತೆಗೆದುಕೊಳ್ಳುವುದು ಎನ್ನುತ್ತಾರೆ. "ಹ್ಞೂಂ, ಆಫ್ ಮಾಡಿದೀನಿ" ಎಂದು ಫೋನಿನಲ್ಲಿ ಹೇಳಿದರೆ ಸಾಲದು, ಲೈನ್‌ಮನ್ ಬಂದು ನಿಂತ ಮೇಲೆಯೇ ಹತ್ತಿಸಿ. ಮನೆಗೆ ಬರುವ ಸರ್ವಿಸ್ ವೈರು ಪ್ಲಾಸ್ಟಿಕ್ ಹೊದ್ದಿದೆ ಎಂದು ಧೈರ್ಯ ಮಾಡಬೇಡಿ, ಬಿಸಿಲಿಗೆ ಎಷ್ಟೋ ಕಡೆ ಅದು ಬಿರಿದಿರುತ್ತದೆ.

ವಿಮೆಯ ಮಾತೂ ಬರಬೇಕು. ಮೇಸ್ತ್ರಿಯನ್ನು ನೇರವಾಗಿ ಕೇಳಿ, ನಿಮ್ಮ ಹುಡುಗರಿಗೆ ಆಕ್ಸಿಡೆಂಟ್ ಇನ್ಶೂರೆನ್ಸ್ ಇದೆಯಾ ಎಂದು. ಹೆಚ್ಚಿನವರು ಇಲ್ಲ ಅನ್ನುತ್ತಾರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ಬರೀ 20 ರೂಪಾಯಿ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಯಾರು ಬೇಕಾದರೂ ಸೇರಬಹುದು. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ ಎರಡು ಲಕ್ಷ ಬರುತ್ತದೆ. ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ, ಹಾಗಾಗಿ ಇದೊಂದೇ ಸಾಲದು. ಆದರೆ ದಿನಾ ಐವತ್ತು ಅಡಿ ಮೇಲೆ ನಿಂತು ದುಡಿಯುವವರ ಹತ್ತಿರ ಇದೂ ಇಲ್ಲ ಎನ್ನುವುದು ನನಗೆ ತುಂಬ ಸಂಕಟದ ವಿಷಯ. ಆ ಹುಡುಗನ ಖಾತೆ ಇತ್ತು, ಒಂದು ಫಾರಂ ತುಂಬಿಸಿಕೊಡುವವರು ಇರಲಿಲ್ಲ. ನಮ್ಮ ಗಾಡಿಗಳ ಬಗ್ಗೆ ಹೇಳುವುದಾದರೆ, ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಮರ ಬಿದ್ದು ಹಾಳಾದ ನಮ್ಮ ವಾಹನಕ್ಕೆ ಏನೂ ಸಿಗುವುದಿಲ್ಲ, ಪೂರ್ತಿ ಪಾಲಿಸಿ ಇರಬೇಕು.

ಹತ್ತುವ ಮೊದಲು ಮರದಲ್ಲಿ ಯಾರು ಯಾರು ಇದ್ದಾರೆ ಎಂದೂ ನೋಡಬೇಕು. ಗೂಡಿನಲ್ಲಿ ಮೊಟ್ಟೆ, ಮರಿ ಇದ್ದರೆ ಮರಿ ಹಾರುವ ತನಕ ಕೆಲವು ವಾರ ಕಾಯಿರಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರವೂ ಕಾಡುಹಕ್ಕಿಗಳ ಮೊಟ್ಟೆ, ಗೂಡು ಹಾಳು ಮಾಡುವುದು ಅಪರಾಧ. ಹೆಜ್ಜೇನು ಕಟ್ಟಿದ್ದರೆ ಬೆಂಕಿ ಹಾಕಿ ಓಡಿಸುವ ಕೆಲಸಕ್ಕೆ ಕೈಹಾಕಲೇಬೇಡಿ. ಜೇನು ಬಿಡಿಸಿ ಬೇರೆ ಕಡೆ ಬಿಡುವವರು ಸಿಗುತ್ತಾರೆ.

ಕಡಿದ ಮೇಲೆ ಕಟ್ಟಿಗೆ ಯಾರದ್ದು? ಇದರಲ್ಲೂ ಮನೆಯವರು ಮೋಸ ಹೋಗುತ್ತಾರೆ. "ದುಡ್ಡು ಬೇಡ ಬಿಡಿ ಅಮ್ಮ, ಮರ ನಾವೇ ತಗೊಂಡು ಹೋಗ್ತೀವಿ" ಎಂದು ಹಲಸಿನ ದಿಮ್ಮಿಯನ್ನು ಸುಮ್ಮನೆ ಹೊತ್ತೊಯ್ದ ಕಥೆ ನಮ್ಮ ಸಂಬಂಧಿಕರ ಮನೆಯಲ್ಲೇ ಆಗಿದೆ. ಗುಲ್‌ಮೊಹರ್ ಸೌದೆಗಷ್ಟೇ. ಆದರೆ ಹಲಸು, ತೇಗ, ಬೇವು, ಮಾವು ಆದರೆ ಸಾಮಿಲ್‌ನಲ್ಲಿ ರೇಟು ಕೇಳಿ ಆಮೇಲೆ ಮಾತಾಡಿ. ಅಳತೆ ನೀವೇ ಹಾಕಬಹುದು. ದಿಮ್ಮಿಯ ನಡುವೆ ಟೇಪು ಸುತ್ತಿ ಸುತ್ತಳತೆ ತೆಗೆಯಿರಿ, ಅದರ ಕಾಲು ಭಾಗವನ್ನು ಆ ಕಾಲು ಭಾಗದಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ. ಸುತ್ತಳತೆ ನಾಲ್ಕು ಅಡಿ, ಉದ್ದ ಹತ್ತು ಅಡಿ ಆದರೆ ಕಾಲು ಭಾಗ ಒಂದಡಿ, ಒಂದು ಸಲ ಒಂದು, ಹತ್ತು ಸಲ ಒಂದು, ಒಟ್ಟು ಹತ್ತು ಸಿಎಫ್‌ಟಿ, ಅಂದರೆ ಘನ ಅಡಿ. ನಾಟಾ ವ್ಯಾಪಾರದಲ್ಲಿ ನಡೆಯುವ ಲೆಕ್ಕ ಇದೇ. ನಿಜವಾದ ಘನ ಅಳತೆ ಇದಕ್ಕಿಂತ ಸುಮಾರು ಕಾಲು ಪಾಲು ಜಾಸ್ತಿ ಬರುತ್ತದೆ, ಅದು ಕೊಯ್ಯುವಾಗ ಹೋಗುವ ಹೊಟ್ಟು, ಅಂಚಿಗೆ ಎಂದು ಬಿಟ್ಟ ಲೆಕ್ಕ. ಸಾಗಿಸಲು ಪಾಸ್ ಬೇಕೇ ಎಂದು ಅನುಮತಿ ಕೊಡುವಾಗಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಲಾರಿ ದಾರಿಯಲ್ಲಿ ನಿಲ್ಲುತ್ತದೆ.

ಬೊಡ್ಡೆಯನ್ನು ಗೋಡೆಗೆ ಅಂಟಿಕೊಂಡಿದ್ದರೆ ಜೆಸಿಬಿಯಿಂದ ಕೀಳಿಸಬೇಡಿ, ಬೇರಿನ ಜೊತೆ ಪಾಯದ ಕಲ್ಲೂ ಬರುತ್ತದೆ. ನೆಲಮಟ್ಟಕ್ಕೆ ಕೊಯ್ಸಿ ಬಿಟ್ಟರೆ ತಾನೇ ಕೊಳೆಯುತ್ತದೆ. ಗದಗಿನಲ್ಲಿರುವ ನನ್ನ ತಂಗಿಯ ಮನೆಯಂತೆ ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಯಾದರೆ ಇನ್ನೂ ಯೋಚನೆ ಮಾಡಬೇಕು. ದೊಡ್ಡ ಮರ ದಿನಾ ನೆಲದಿಂದ ನೀರು ಹೀರುತ್ತಿರುತ್ತದೆ. ಅದನ್ನು ಒಮ್ಮೆಲೇ ತೆಗೆದರೆ ಆ ನೀರು ಮಣ್ಣಿನಲ್ಲೇ ಉಳಿದು, ಎರೆ ಉಬ್ಬಿ, ಎರಡು ಮೂರು ಮಳೆಗಾಲದಲ್ಲಿ ಗೋಡೆ ಬಿರುಕು ಬಿಡಬಹುದು. ಗೋಡೆಯ ಪಕ್ಕದ ಹಳೇ ಮರವಾದರೆ ಇಂಜಿನಿಯರ್ ಒಬ್ಬರನ್ನು ಕೇಳಿ ನಿರ್ಧಾರ ಮಾಡಿ.

ಅನುಮತಿ ಪತ್ರದಲ್ಲಿ ಬದಲಿ ಸಸಿ ನೆಡಬೇಕು ಎನ್ನುವ ಷರತ್ತು ಇರುತ್ತದೆ. ನಾವು ಅದೇ ಮೂಲೆಯಿಂದ ಆರಡಿ ಒಳಗೆ, ತಂತಿ ಇಲ್ಲದ ಕಡೆ, ಒಂದು ಹೊಂಗೆ ಹಾಕಿದೆವು. ಬುಡದ ಸುತ್ತ ನಾಲ್ಕಡಿ ಮಣ್ಣು ಬಿಟ್ಟು ಉಳಿದದ್ದಕ್ಕೆ ಮಾತ್ರ ಟೈಲ್ಸ್ ಹಾಕಿಸಿದ್ದೇನೆ.

ಪಾಲಿಕೆಯವರಲ್ಲಿ, ಅರಣ್ಯ ಇಲಾಖೆಯವರಲ್ಲಿ ನನ್ನ ಮನವಿ ಇಷ್ಟು. ಪ್ರತಿ ವಾರ್ಡಿಗೂ ವೃಕ್ಷಾಧಿಕಾರಿ ಕಚೇರಿಯ ಫೋನ್ ನಂಬರನ್ನು ಜನ ನೋಡುವ ಕಡೆ, ವಾರ್ಡ್ ಕಚೇರಿಯ ಗೋಡೆ ಮೇಲೆ, ಉದ್ಯಾನದ ಗೇಟಿನಲ್ಲಿ ಬರೆಸಿ. ಮಳೆಗಾಲಕ್ಕೆ ಎರಡು ತಿಂಗಳ ಮೊದಲೇ ಮನೆ ಮರಗಳ ಅರ್ಜಿ ನೋಡಲು ಜನ ಕೊಡಿ. ಅನುಮತಿ ಬರುವುದು ತಡವಾದಾಗಲೇ ಭಾನುವಾರ ಬೆಳಗಿನ ಮೇಸ್ತ್ರಿಗೆ ಕೆಲಸ ಸಿಗುವುದು. ಮರ ಹತ್ತುವ ಕೆಲಸದವರ ಹೆಸರು ನೋಂದಾಯಿಸಿ, ನಾಲ್ಕು ದಿನ ಹಗ್ಗದ ಕೆಲಸ ಕಲಿಸಿ, ಬೆಲ್ಟು ಹೆಲ್ಮೆಟ್ಟು ಕೊಟ್ಟು, ಒಂದು ಕಾರ್ಡು ಕೊಡಿ. ಅನುಮತಿ ಪತ್ರದಲ್ಲೇ "ಹತ್ತುವವರಿಗೆ ಸುರಕ್ಷಾ ಹಗ್ಗ ಕಡ್ಡಾಯ" ಎಂದು ಒಂದು ಸಾಲು ಸೇರಿಸಿ. ನಾನು ಮೊದಲೇ ಅನುಮತಿ ಪಡೆದು ಅಂಥ ಒಂದು ಸಾಲು ಓದಿದ್ದರೆ ಅವತ್ತು ಖಂಡಿತ ಕೇಳುತ್ತಿದ್ದೆ.

ಹುಡುಗ ಈಗ ಊರಲ್ಲಿದ್ದಾನೆ. ನಡೆಯುತ್ತಾನೆ, ಎಡಗಾಲು ಸ್ವಲ್ಪ ಎಳೆಯುತ್ತದೆ, ಭಾರ ಎತ್ತುವ ಹಾಗಿಲ್ಲ. ಅಣ್ಣನ ಪಂಚರ್ ಅಂಗಡಿಯಲ್ಲಿ ಕೂತು ಕೆಲಸ ಮಾಡುತ್ತಾನೆ. ತಿಂಗಳಿಗೊಮ್ಮೆ ನಾನೇ ಫೋನ್ ಮಾಡುತ್ತೇನೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಣಗಿದ ಸಂಪಿಗೆ ಮರ ಒಂದಿದೆ. ಅದಕ್ಕೆ ಅನುಮತಿ ಬಂದಿದೆ, ಬರುವ ಗುರುವಾರ ತೆಗೆಯುತ್ತಾರೆ. ನಿನ್ನೆ ಹೋಗಿ ಮೇಸ್ತ್ರಿಯನ್ನು ಹಗ್ಗದ ಬಗ್ಗೆ ಕೇಳಿದೆ. ಒಂದೇ ಇದೆ ಎಂದರು. ನಮ್ಮ ಮನೆಯಲ್ಲಿ ಬೆಲ್ಟು, ಹಗ್ಗ ತಂದಿಟ್ಟಿದ್ದೇನೆ, ಅದನ್ನು ಕೊಡುತ್ತೇನೆ. ಗುರುವಾರ ಬೆಳಿಗ್ಗೆ ಏಳಕ್ಕೆ ಅಲ್ಲೇ ಇರುತ್ತೇನೆ.

ಇತಿ,
ನಿಮ್ಮ ಹಳೆಯ ಓದುಗ,
ಜಯನಗರ, ಬೆಂಗಳೂರು